ಹೇಳಿ ಮಾಡಿಸುವ ಮುನ್ನ

ಕಳೆದ ಭಾನುವಾರ ಬೆಳಿಗ್ಗೆ ನಂಜನಗೂಡಿನಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ. ಅಲ್ಲಿಯ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಅವನಿಗೆ ಕೆಲಸ. ಹದಿನಾರು ವರ್ಷದ ಅವನ ಮಗ ಎರಡು ವರ್ಷಗಳಿಂದ ಮೈಸೂರಿಗೆ ಹೋಗಿ ಪೂಲ್ ಆಡುತ್ತಿದ್ದಾನೆ. ಚೆನ್ನಾಗಿ ಆಡುತ್ತಾನೆಂದು ಅಲ್ಲಿಯವರೇ ಹೇಳುತ್ತಾರಂತೆ. ಈಗ ಹುಡುಗನಿಗೆ ಸ್ವಂತದ್ದೊಂದು ಕ್ಯೂ ಬೇಕು. ಮಾರುವವರೊಬ್ಬರು, ಕಂಪನಿಯ ಕ್ಯೂ ಬೇಡ, ಕಸ್ಟಮ್ ಮಾಡಿಸಿ ಎಂದು ಹೇಳಿ 42 ಸಾವಿರ ರೂಪಾಯಿಯ ಲೆಕ್ಕ ಬರೆದುಕೊಟ್ಟಿದ್ದಾರೆ. "ಮನೆಯವಳ ಬಳೆ ಅಡವಿಡೋಣ ಅಂತಿದೀನಿ ಸಾರ್. ನೀವೇನು ಹೇಳ್ತೀರಿ?" ಎಂದು ಕೇಳಿದ.

ಬೇಡವೆಂದು ಅವನಿಗೆ ಆಗಲೇ ಹೇಳಿದೆ. ಆದರೆ ಸಂಜೆಯ ಹೊತ್ತಿಗೆ ವಿಷಯ ಅಮೆರಿಕದಲ್ಲಿರುವ ನನ್ನ ಸೋದರಳಿಯನವರೆಗೂ ಹೋಗಿತ್ತು. ಇವರಿಬ್ಬರೂ ಒಂದೇ ಬೆಂಚಿನಲ್ಲಿ ಕುಳಿತು ನನ್ನಿಂದ ವಿಜ್ಞಾನ ಕಲಿತವರು. ಅಳಿಯ ದೀರ್ಘವಾದ ಪತ್ರ ಬರೆದಿದ್ದಾನೆ: "ಮಾವ, ಕಾರ್ಖಾನೆಯ ಕ್ಯೂಗೆ ಜೀವ ಇರುವುದಿಲ್ಲ. ಕೈಯಲ್ಲಿ ಮಾಡಿದ್ದೇ ಬೇರೆ. ಹುಡುಗನ ಉತ್ಸಾಹಕ್ಕೆ ತಣ್ಣೀರು ಎರಚಬೇಡಿ. ಅರ್ಧ ಹಣ ನಾನು ಕಳಿಸುತ್ತೇನೆ." ಅವನ ಔದಾರ್ಯ ದೊಡ್ಡದು. ಅವನ ವಾದ ಮಾತ್ರ ತಪ್ಪು. ಅವನಂತೆ ಯೋಚಿಸುವವರು ನಿಮ್ಮಲ್ಲಿ ಇನ್ನೂ ಕೆಲವರು ಇರಬಹುದೆಂದು ನನ್ನ ಉತ್ತರವನ್ನು ಇಲ್ಲಿಯೇ ಬರೆಯುತ್ತಿದ್ದೇನೆ.

ಮೊದಲಿಗೆ, ಇದು ನಮ್ಮ ಆಟವಲ್ಲ, ಪೋಲಿಗಳ ಆಟ ಎನ್ನುವ ಹಿರಿಯರಿಗೆ ಒಂದು ಮಾತು. ಪೂಲಿನ ದಾಯಾದಿಯಾದ ಸ್ನೂಕರ್ 1875ರಲ್ಲಿ ಜಬಲ್ಪುರದ ಬ್ರಿಟಿಷ್ ಅಧಿಕಾರಿಗಳ ನಡುವೆ ಹುಟ್ಟಿತು. 1882ರಲ್ಲಿ ಅದರ ನಿಯಮಗಳನ್ನು ಬರೆದು ತೂಗುಹಾಕಿದ್ದು ಊಟಿ ಕ್ಲಬ್ಬಿನಲ್ಲಿ. ಮೈಸೂರಿನಿಂದ ಊಟಿಗೆ ಹೋಗುವ ರಸ್ತೆ ನಂಜನಗೂಡನ್ನು ಹಾದೇ ಹೋಗುತ್ತದೆ. ನಮ್ಮ ಬೆಂಗಳೂರಿನ ಪಂಕಜ್ ಅಡ್ವಾಣಿ ಬಿಲಿಯರ್ಡ್ಸ್ ಮತ್ತು ಸ್ನೂಕರಿನಲ್ಲಿ 2024ರ ಹೊತ್ತಿಗೆ 28 ವಿಶ್ವ ಪ್ರಶಸ್ತಿಗಳನ್ನು ಗೆದ್ದಿದ್ದರು. ಆದ್ದರಿಂದ ಹುಡುಗ ಆಡಲಿ. ಪ್ರಶ್ನೆ ಆಟದ್ದಲ್ಲ, ಕೋಲಿನದು.

ಯಾವುದಾದರೂ ವಸ್ತು ನಮಗೆ ಸರಿಯಾಗಿ ಒಪ್ಪಿದರೆ "ಹೇಳಿ ಮಾಡಿಸಿದ ಹಾಗಿದೆ" ಎನ್ನುತ್ತೇವೆ. ಈ ಮಾತಿನಲ್ಲಿ ಎರಡು ಕ್ರಿಯೆಗಳಿವೆ. ಮೊದಲು ಹೇಳಬೇಕು, ಆಮೇಲೆ ಮಾಡಿಸಬೇಕು. ಹೇಳುವುದಕ್ಕೆ ಏನೂ ಇಲ್ಲದವನು ಏನನ್ನು ಮಾಡಿಸಿಯಾನು? ಆ ಹುಡುಗನನ್ನೇ ಕರೆದು ಮೂರು ಪ್ರಶ್ನೆ ಕೇಳಿದೆ. ನಿನಗೆ ಎಷ್ಟು ತೂಕದ ಕ್ಯೂ ಹೊಂದುತ್ತದೆ? ತುದಿಯ ದಪ್ಪ ಹನ್ನೆರಡು ಮಿಲಿಮೀಟರೇ, ಹದಿಮೂರೇ? ಭಾರ ಮುಂದಿರಬೇಕೋ ಹಿಂದಿರಬೇಕೋ? ಅವನು ಪ್ರಾಮಾಣಿಕವಾಗಿ "ಗೊತ್ತಿಲ್ಲ ತಾತ" ಎಂದ. ಪಾರ್ಲರಿನಲ್ಲಿ ಆ ದಿನ ಕೈಗೆ ಸಿಕ್ಕ ಕೋಲಿನಲ್ಲಿ ಆಡುವವನಿಗೆ ಅದು ಗೊತ್ತಿರುವುದಾದರೂ ಹೇಗೆ? ಅವನಿಗೆ ತಿಳಿಯದ ಅಳತೆಯನ್ನು ಮಾರುವವರು ಹೇಗೆ ತಿಳಿದರು? ಅವರು ಕೇಳಿದ್ದು ಎರಡೇ: ಹಿಡಿಯ ಬಣ್ಣ ಯಾವುದಿರಲಿ, ಹೆಸರನ್ನು ಇಂಗ್ಲಿಷಿನಲ್ಲಿ ಕೊರೆಯಬೇಕೋ ಕನ್ನಡದಲ್ಲೋ. ಇದು ಹೇಳಿ ಮಾಡಿಸುವುದಲ್ಲ, ಹೆಸರು ಬರೆಸುವುದು. ಸ್ಟೀಲ್ ಪಾತ್ರೆಯ ಅಂಗಡಿಯಲ್ಲಿ ತಟ್ಟೆಯ ಮೇಲೆ ಹೆಸರು ಕೊರೆದುಕೊಡುತ್ತಾರೆ. ಅಷ್ಟಕ್ಕೇ ಆ ತಟ್ಟೆಯನ್ನು ಹೇಳಿ ಮಾಡಿಸಿದ್ದೆಂದು ಯಾರೂ ಕರೆಯುವುದಿಲ್ಲ.

ಮೇಷ್ಟ್ರಿಗೆ ಇದೆಲ್ಲ ಹೇಗೆ ಗೊತ್ತು ಎನ್ನುವಿರೇನೋ. ಕಾಲೇಜಿನಲ್ಲಿ ಓದುತ್ತಿದ್ದಾಗ ಎರಡು ವರ್ಷ ಸಂಜೆಯ ವೇಳೆ ಮೈಸೂರಿನ ಕ್ಲಬ್ಬೊಂದರಲ್ಲಿ ಮಾರ್ಕರ್ ಕೆಲಸ ಮಾಡಿದ್ದೇನೆ. ಅಂಕ ಬರೆಯುವುದು, ಸವೆದ ಚರ್ಮದ ಟಿಪ್ ಕಿತ್ತು ಹೊಸದನ್ನು ಅಂಟಿಸುವುದು, ಡೊಂಕಾದ ಕ್ಯೂಗಳನ್ನು ಬೇರೆ ಇಡುವುದು ನನ್ನ ಕೆಲಸ. "ಕುಣಿಯಲಾರದವಳು ನೆಲ ಡೊಂಕು ಎಂದಳಂತೆ" ಎಂಬ ಗಾದೆಯ ಪೂರ್ಣಾರ್ಥ ನನಗಾದದ್ದು ಅಲ್ಲಿ. ಸೋತವರೆಲ್ಲ ಕೋಲನ್ನು ಬೈಯುತ್ತಿದ್ದರು. ಕೋಲು ನಿಜವಾಗಿಯೂ ಡೊಂಕಾಗಿರುತ್ತಿದ್ದುದೂ ಉಂಟು. ಅಂಥ ಕೋಲನ್ನು ಕಂಡುಹಿಡಿಯಲು ಮೇಜಿನ ಮೇಲೆ ಒಮ್ಮೆ ಉರುಳಿಸಿದರೆ ಸಾಕಾಗಿತ್ತು.

ಪೂಲ್ ಕ್ಯೂ ಎಂದರೆ ಸಾಮಾನ್ಯವಾಗಿ 58 ಅಂಗುಲ ಉದ್ದ, 18ರಿಂದ 21 ಔನ್ಸ್ ತೂಕದ, ನಡುವೆ ತಿರುಪಿನಿಂದ ಜೋಡಿಸುವ ಎರಡು ತುಂಡಿನ ಕೋಲು. ಮುಂದಿನ ತುಂಡು ಗಟ್ಟಿಯಾದ ಮೇಪಲ್ ಮರದ್ದು. ಆಟಗಾರ ಅದರಿಂದ ಬಯಸುವುದು ಮೂರನ್ನು: ನೇರವಾಗಿರಬೇಕು, ಕೀಲು ಬಿಗಿಯಾಗಿರಬೇಕು, ಇಂದಿನ ಹೊಡೆತದಂತೆಯೇ ನಾಳೆಯ ಹೊಡೆತವೂ ಇರಬೇಕು. ಒಳ್ಳೆಯ ಕಾರ್ಖಾನೆಯೊಂದು ಚೆನ್ನಾಗಿ ಮಾಡಬಲ್ಲದ್ದು ಇವನ್ನೇ. ಚೆಂಡಿನ ನಡುವನ್ನು ಬಿಟ್ಟು ಎಡಕ್ಕೋ ಬಲಕ್ಕೋ ಹೊಡೆದರೆ, ಚೆಂಡು ಗುರಿಯಿಂದ ಸ್ವಲ್ಪ ಎದುರು ಬದಿಗೆ ಸರಿದು ಹೊರಡುತ್ತದೆ. ಎಷ್ಟು ಸರಿಯುತ್ತದೆ ಎಂಬುದು ಮುಖ್ಯವಾಗಿ ಕೋಲಿನ ತುದಿಯ ಭಾಗದ ದ್ರವ್ಯರಾಶಿಯನ್ನು ಅವಲಂಬಿಸಿದೆ. ತುದಿ ಹಗುರವಾದಷ್ಟೂ ಸರಿತ ಕಡಿಮೆ. ಹಿಡಿಯಲ್ಲಿ ಕೂರಿಸಿದ ಕರಿಮರ, ಮುತ್ತಿನ ಚಿಪ್ಪು, ಬೆಳ್ಳಿಯ ಉಂಗುರಗಳಿಗೂ ಇದಕ್ಕೂ ಸಂಬಂಧವಿಲ್ಲ. ತುದಿಯನ್ನು ಹೀಗೆ ಹಗುರಗೊಳಿಸಿದ ಶಾಫ್ಟ್ ಅನ್ನು 1990ರ ದಶಕದಲ್ಲಿ ಮಾರುಕಟ್ಟೆಗೆ ತಂದು ಹೆಸರಾದದ್ದು ಅಮೆರಿಕದ ಪ್ರೆಡೇಟರ್ ಕಂಪನಿ, ಅದೂ ಯಂತ್ರದ ತೋಳಿನಿಂದ ಹೊಡೆಸಿ, ಅಳೆದು ನೋಡಿ. ಕಾರ್ಖಾನೆಗೆ ಜೀವವಿಲ್ಲ ಎನ್ನುವ ಅಳಿಯ ಇದಕ್ಕೇನನ್ನುತ್ತಾನೆ?

ಕೈ ಮತ್ತು ಯಂತ್ರಗಳ ನಡುವೆ ಅವನು ಎಳೆದಿರುವ ಗೆರೆಯೇ ಸುಳ್ಳು. ತಿ. ನರಸೀಪುರ ತಾಲ್ಲೂಕಿನ ಸೋಮನಾಥಪುರಕ್ಕೆ ನಾನು ನಿಮ್ಮನ್ನೆಲ್ಲ ಎಷ್ಟು ಸಲ ಕರೆದೊಯ್ದಿಲ್ಲ! ಹದಿಮೂರನೆಯ ಶತಮಾನದ ಕೇಶವ ದೇವಾಲಯ, 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಒಳಗಿನ ದುಂಡು ಕಂಬಗಳು ಲೇತಿನಂಥ ತಿರುಗಣೆಗೆ ಏರಿಸಿ ಕಡೆದವು. ಹೊರಗೋಡೆಯ ವಿಗ್ರಹಗಳ ಕೆಳಗೆ ಶಿಲ್ಪಿ ಮಲ್ಲಿತಮ್ಮ ತನ್ನ ಹೆಸರು ಕೆತ್ತಿದ್ದಾನೆ. ತಿರುಗಣೆಯ ಕೆಲಸ, ಉಳಿಯ ಕೆಲಸ ಎರಡೂ ಒಂದೇ ಸೂರಿನಡಿ ಇವೆ. ಎಲ್ಲ ಕಡೆಯೂ ಒಂದೇ ದುಂಡು ಬೇಕಾದಲ್ಲಿ ತಿರುಗಣೆ ಬಳಸಿದರು, ಒಂದರಂತೆ ಇನ್ನೊಂದು ಇರಬಾರದ ಕಡೆ ಉಳಿ ಹಿಡಿದರು. ಕ್ಯೂ ಮೂಲತಃ ಕಂಬದ ಜಾತಿಯದು. ಕಸ್ಟಮ್ ಕ್ಯೂ ಮಾಡುವವರೂ ಅದನ್ನು ಲೇತಿಗೆ ಏರಿಸಿಯೇ ಕಡೆಯುತ್ತಾರೆ.

ಅಳಿಯನ ಪತ್ರದಲ್ಲಿ ಜಾರ್ಜ್ ಬಲಬುಷ್ಕಾ (1912–1975) ಎಂಬ ಹೆಸರು ನಾಲ್ಕು ಸಲ ಬಂದಿದೆ. ರಷ್ಯಾದಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ನೆಲೆಸಿ ಕ್ಯೂ ತಯಾರಿಕೆಯಲ್ಲಿ ದಂತಕಥೆಯಾದವರು ಅವರು. ಅವರ ಬಗ್ಗೆ ನನಗೂ ಗೌರವವಿದೆ. ಆದರೆ ಆ ಮಹನೀಯರು ತಮ್ಮ ಅನೇಕ ಕ್ಯೂಗಳಿಗೆ ಮೂಲವಾಗಿ ಬಳಸಿದ್ದು ಬ್ರನ್ಸ್‌ವಿಕ್ ಕಂಪನಿಯ ಟೈಟ್‌ಲಿಸ್ಟ್ ಎಂಬ ಕಾರ್ಖಾನೆಯ ಮಾಲನ್ನೇ. 1986ರ 'ದ ಕಲರ್ ಆಫ್ ಮನಿ' ಚಲನಚಿತ್ರದಲ್ಲಿ ಬಲಬುಷ್ಕಾ ಎಂದು ತೋರಿಸಿದ ಕ್ಯೂ ಕೂಡ ನಿಜವಾಗಿ ಜಾಸ್ ಎಂಬ ಕಂಪನಿ ಆ ಶೈಲಿಯಲ್ಲಿ ಮಾಡಿದ್ದು. ಇನ್ನು ಸ್ನೂಕರಿನ ಸ್ಟೀಫನ್ ಹೆಂಡ್ರಿ 1990ರಿಂದ 1999ರವರೆಗೆ ಏಳು ವಿಶ್ವ ಪ್ರಶಸ್ತಿಗಳನ್ನು ಗೆದ್ದದ್ದು ಬಾಲ್ಯದಲ್ಲಿ ಕೊಂಡ 40 ಪೌಂಡಿನ ಕ್ಯೂನಲ್ಲಿ. ಅದು 2003ರಲ್ಲಿ ವಿಮಾನ ಪ್ರಯಾಣದಲ್ಲಿ ಮುರಿದಾಗ ಆತ ನೊಂದದ್ದು ಬೆಲೆಗಾಗಿ ಅಲ್ಲ. ಇಷ್ಟು ವರ್ಷ ಒಂದೇ ಕೋಲಿಗೆ ಒಗ್ಗಿದ ಕೈ ಅದು. ಕೋಲು ಕೈಗೆ ಹೊಂದುವಂತೆ ಮಾಡಿಸುವ ದಾರಿಯೊಂದಿದೆ; ಕೈಯೇ ಕೋಲಿಗೆ ಹೊಂದುವ ದಾರಿ ಇನ್ನೊಂದು. ಎಳೆಯರಿಗೆ ಎರಡನೆಯದೇ ಲೇಸು.

ಹಾಗಾದರೆ ಹೇಳಿ ಮಾಡಿಸುವುದೇ ತಪ್ಪೇ? ಅಲ್ಲ. ನಂಜನಗೂಡಿನವರಿಗೆ ಇದನ್ನು ವಿವರಿಸುವುದು ಸುಲಭ. ಬಿ. ವಿ. ಪಂಡಿತರು 1913ರಲ್ಲಿ ಸ್ಥಾಪಿಸಿದ ಸದ್ವೈದ್ಯಶಾಲೆಯ ಹಲ್ಲುಪುಡಿಯನ್ನು ಉಜ್ಜದ ಮನೆ ನಮ್ಮ ಕಡೆ ಅಪರೂಪ. ಆ ಪುಡಿಗೆ ಯಾರೂ ನಾಡಿ ತೋರಿಸಿ ಬರಬೇಕಾಗಿಲ್ಲ. ಎಲ್ಲರ ಹಲ್ಲಿಗೂ ಒಂದೇ. ಆದರೆ ರೋಗ ಬಂದವನಿಗೆ ವೈದ್ಯರು ನಾಡಿ ಹಿಡಿದು, ಪ್ರಕೃತಿ ನೋಡಿ ಕಷಾಯ ಹೇಳುತ್ತಾರೆ. ನಾಡಿ ನೋಡದೆ ಕೊಟ್ಟ ಕಷಾಯಕ್ಕೆ ಹೆಚ್ಚು ಬೆಲೆ ಹಾಕಿದ ಮಾತ್ರಕ್ಕೆ ಅದು ಚಿಕಿತ್ಸೆಯಾಗುವುದಿಲ್ಲ. ಐದಾರು ವರ್ಷ ಆಡಿ, ತನಗೆ 19 ಔನ್ಸ್ ಸಾಕು, ಭಾರ ಅಂಗುಲದಷ್ಟು ಹಿಂದಿರಬೇಕು, ಶಾಫ್ಟ್ ಇಷ್ಟು ಉದ್ದದವರೆಗೆ ಒಂದೇ ದಪ್ಪ ಇರಬೇಕು ಎಂದು ಹೇಳಬಲ್ಲವನು ಅವಶ್ಯವಾಗಿ ಮಾಡಿಸಲಿ. ಬಹಳ ಎತ್ತರದವನೋ, ಕೈಯಲ್ಲಿ ಊನವಿದ್ದವನೋ ಮೊದಲೇ ಮಾಡಿಸಿದರೂ ತಪ್ಪಿಲ್ಲ. ಅಂಥವರಿಗಾಗಿ ಅಳತೆ ತೆಗೆದು, ಮರವನ್ನು ಕಾಲಕಾಲಕ್ಕೆ ಸ್ವಲ್ಪಸ್ವಲ್ಪವೇ ಕಡೆದು, ನಾಳೆ ಡೊಂಕಾದರೆ ಜವಾಬ್ದಾರಿ ಹೊರುವ ಕುಶಲಕರ್ಮಿಗೆ ಅವನು ಕೇಳಿದಷ್ಟು ಕೊಡಬೇಕು. ನನ್ನ ಜಗಳ ಅವನೊಂದಿಗಲ್ಲ. ಅವನ ಹೆಸರಿನ ಮರೆಯಲ್ಲಿ ಬಣ್ಣ ಮಾರುವವರೊಂದಿಗೆ.

ಇಷ್ಟು ಕಟುವಾಗಿ ಬರೆಯುವುದಕ್ಕೆ ಒಂದು ಕಾರಣವಿದೆ. ತಿ. ನರಸೀಪುರದಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದ ವರ್ಷ, ಜಾಣ ಹುಡುಗನೊಬ್ಬನ ತಂದೆಗೆ, ಇಂಥದೇ ಕಂಪನಿಯ ಜಾಮಿಟ್ರಿ ಬಾಕ್ಸ್ ತರಬೇಕೆಂದು ಹಟ ಹಿಡಿದು ಹೇಳಿದ್ದೆ. ಅವರು ತಂದರು. ಅದಕ್ಕಾಗಿ ಮನೆಯ ಆಡನ್ನು ಮಾರಿದರೆಂದು ನನಗೆ ತಿಳಿದದ್ದು ವರ್ಷದ ಕೊನೆಗೆ. ಹುಡುಗ ಅದಕ್ಕೆ ಮೊದಲು ದಾರ ಮತ್ತು ಮೊಳೆಯಿಂದ ಎಳೆಯುತ್ತಿದ್ದ ವೃತ್ತಗಳೇನೂ ಸೊಟ್ಟಗಿರಲಿಲ್ಲ. ಬಡವರ ಮನೆಯಲ್ಲಿ ಮಕ್ಕಳ ಮೇಲಿನ ಆಸೆ ಬಹು ಬೇಗ ಅಡವಿಗೆ ಹೋಗುತ್ತದೆ. ದುಬಾರಿ ಸಲಕರಣೆಯ ಸಲಹೆ ಕೊಡುವವರು ಇದನ್ನು ನೆನಪಿನಲ್ಲಿಡಬೇಕು. ಇನ್ನೂ ಒಂದು ಮಾತು: ತಾಯಿಯ ಬಳೆಯಿಂದ ಬಂದ ಕೋಲು ಹಿಡಿದ ಹುಡುಗ ಪ್ರತಿ ಹೊಡೆತದಲ್ಲೂ ಆ ಬಳೆಯನ್ನೇ ಕಾಣುತ್ತಾನೆ. ಅಂಥ ಕೈ ನಡುಗದೆ ಇದ್ದೀತೇ?

ಆದ್ದರಿಂದ ನನ್ನ ಶಿಷ್ಯನಿಗೆ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ. ಒಳ್ಳೆಯ ಕಂಪನಿಯ ಸಾದಾ ಕ್ಯೂ ಒಂದನ್ನು ನಿನ್ನ ಸಂಬಳದಲ್ಲಿ ಆಗುವಷ್ಟಕ್ಕೆ ಕೊಳ್ಳು. ಮಗನನ್ನೂ ಕರೆದುಕೊಂಡು ಹೋಗು. ಜೋಡಿಸಿ ಮೇಜಿನ ಮೇಲೆ ಉರುಳಿಸಿ ನೋಡಿ. ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿ. ಕೀಲಿನಲ್ಲಿ ಸಂದು ಕಾಣಬಾರದು. ಟಿಪ್ ಬದಲಿಸುವುದನ್ನು ಅವನೇ ಕಲಿಯಲಿ. ಕ್ಯೂವನ್ನು ಬಿಸಿಲಲ್ಲಿ ನಿಂತ ಕಾರಿನಲ್ಲಾಗಲಿ, ಒದ್ದೆ ಗೋಡೆಗೆ ಒರಗಿಸಿಯಾಗಲಿ ಇಡಬಾರದು. ಮೂರು ವರ್ಷ ಅದೊಂದರಲ್ಲೇ ಆಡಿ, ಏನು ಕೊರತೆ ಎಂಬುದನ್ನು ಪುಸ್ತಕದಲ್ಲಿ ಬರೆದಿಡಲಿ. ಆ ಪಟ್ಟಿಯೇ ಮುಂದೆ ಅವನು "ಹೇಳಿ" ಮಾಡಿಸಬೇಕಾದ ಹೇಳಿಕೆ. ಪಟ್ಟಿ ಖಾಲಿ ಉಳಿದರೆ ಇನ್ನೂ ಒಳ್ಳೆಯದು.

ಅಳಿಯನಿಗೆ: ನೀನು ಕಳಿಸಬೇಕೆಂದಿರುವ ಹಣವನ್ನು ಧಾರಾಳವಾಗಿ ಕಳಿಸಪ್ಪ. ಅದು ಹುಡುಗನ ಬಸ್ಸಿನ ಪಾಸಿಗೆ, ಮೇಜಿನ ಗಂಟೆಯ ಬಾಡಿಗೆಗೆ, ತಪ್ಪು ತಿದ್ದುವ ಒಬ್ಬ ಗುರುವಿಗೆ ಸಲ್ಲಲಿ. ಬಳೆ ಆ ತಾಯಿಯ ಕೈಯಲ್ಲೇ ಇರಲಿ. ಒಪ್ಪಿಗೆಯಿಲ್ಲದಿದ್ದರೆ ಮತ್ತೊಂದು ಪತ್ರ ಬರೆ. ಈ ಸಲ ಹಿಡಿಯ ಬಣ್ಣದ ವಿಷಯ ಬಿಟ್ಟು ಬರೆ.