ಬೆರಳ ಕೀಲುಗಳ ಒಳನೋಟ

1895ರ ಡಿಸೆಂಬರಿನಲ್ಲಿ ರಾಂಟ್ಗೆನ್ ಮಹಾಶಯನು ತಾನು ಆಗತಾನೇ ಕಂಡುಹಿಡಿದಿದ್ದ ಕ್ಷ-ಕಿರಣಗಳಿಂದ ತನ್ನ ಪತ್ನಿಯ ಕೈಯ ಎಲುಬುಗಳನ್ನೂ ಬೆರಳಿನ ಉಂಗುರವನ್ನೂ ಫಲಕದ ಮೇಲೆ ಮೂಡಿಸಿದನಷ್ಟೆ. ಇಪ್ಪತ್ತೇಳು ಮೂಳೆಗಳ ಅದೇ ಅಂಗವು ಇಂದಿಗೂ ಸಂಧಿವಾತದ ಅಧ್ಯಯನಕ್ಕೆ ಪ್ರಧಾನ ಕ್ಷೇತ್ರವಾಗಿದೆ. 1971ರಲ್ಲಿ ಅಮೆರಿಕದ ವೈದ್ಯ ಜಾನ್ ಶಾರ್ಪ್, ಕೈಯ ಕೀಲುಗಳಲ್ಲಿ ಕಾಣುವ ಮೂಳೆಯ ಸವೆತಕ್ಕೂ ಸಂದುಗಳ ಸಂಕೋಚಕ್ಕೂ ಅಂಕಗಳನ್ನಿತ್ತು ಎಣಿಸುವ ಕ್ರಮವನ್ನು ಮುಂದಿಟ್ಟುದರಿಂದ, ಔಷಧದ ಗುಣವನ್ನು ಅಳೆಯಲು ವಸ್ತುನಿಷ್ಠವಾದೊಂದು ಮಾನದಂಡವು ದೊರೆತಂತಾಯಿತು.

ಆದರೆ ಕ್ಷ-ಕಿರಣವು ತೋರುವುದು ಬಹುಮಟ್ಟಿಗೆ ಆಗಿಹೋದ ಹಾನಿಯನ್ನು. ಕೀಲಿನ ಒಳಪೊರೆಯ ಉರಿಯೂತವನ್ನೂ, ಅಲ್ಲಿ ಹೆಚ್ಚಿದ ರಕ್ತಸಂಚಾರವನ್ನೂ ಡಾಪ್ಲರ್ ಸಹಿತವಾದ ಅಲ್ಟ್ರಾಸೌಂಡ್ ಗುರುತಿಸಬಲ್ಲುದು, ಎಂ.ಆರ್.ಐ. ಇನ್ನೂ ಮುಂದುವರಿದು, ಸವೆತಕ್ಕೆ ಪೂರ್ವಭಾವಿಯಾಗಿ ಮೂಳೆಯ ಮಜ್ಜೆಯಲ್ಲುಂಟಾಗುವ ಬಾವನ್ನೂ ಕಾಣಿಸುತ್ತದೆ. ರುಮಟಾಯ್ಡ್ ಸಂಧಿವಾತದಲ್ಲಿ ಸವೆದ ಮೂಳೆಯು ಮರಳಿ ಮೊದಲಿನಂತಾಗುವುದು ಅಪರೂಪವಾದ ಕಾರಣ, ಈ ಮುನ್ನೋಟದ ಬೆಲೆಯು ಅಪಾರವೆಂದೇ ನಮ್ಮ ಅಭಿಪ್ರಾಯ. ನೇಗಿಲು, ಮಗ್ಗ, ಸೂಜಿ, ಲೇಖನಿ ಯಾವುದನ್ನೇ ಹಿಡಿಯುವವರಿರಲಿ, ಬೆರಳುಗಳ ಹಿಡಿತವೇ ಅವರ ಜೀವನಾಧಾರವಲ್ಲವೆ!

ಬೆಳಗಿನ ಹೊತ್ತು ಬೆರಳುಗಳು ಬಿಗಿದು, ಗೆಣ್ಣುಗಳು ಊದಿ, ಆ ಬಾಧೆಯು ವಾರಗಟ್ಟಲೆ ತೊಲಗದಿದ್ದಲ್ಲಿ, ಎಕ್ಸ್-ರೇ ನಿರ್ದೋಷವಾಗಿದೆಯೆಂಬ ಸಮಾಧಾನದಿಂದ ಸುಮ್ಮನಿರದೆ ಸಂಧಿವಾತತಜ್ಞರನ್ನು ಕಾಣಬೇಕೆಂದು ಓದುಗರಲ್ಲಿ ನಮ್ಮ ವಿನಂತಿ.