ಸೈಕಲ್ ಪಯಣಕ್ಕೆ ಕಿರಿಯರೇ ಅಳತೆ



ರಜೆ ಬಂದಿತೆಂದರೆ ದೂರದ ಊರುಗಳಲ್ಲಿರುವ ಮಕ್ಕಳು ಮೊಮ್ಮಕ್ಕಳು ಮನೆಗೆ ಬರುತ್ತಾರೆ. ಅವರನ್ನು ಎಲ್ಲಿಗೆ ಕರೆದೊಯ್ಯಬೇಕೆಂಬ ವಿಚಾರ ಹಿರಿಯರಲ್ಲಿ ಮೂಡುತ್ತದೆ. ಮೋಟಾರಿನಲ್ಲಿ ಕುಳಿತು ಒಂದೇ ದಿನದಲ್ಲಿ ಐದಾರು ಕ್ಷೇತ್ರಗಳನ್ನು ಮುಟ್ಟಿ ಬರುವುದು ಈಗ ರೂಢಿಯಾಗಿದೆ. ಅದರ ಬದಲು ಮನೆಮಂದಿಯೆಲ್ಲ ಸೈಕಲ್ ಏರಿ ಮೆಲ್ಲನೆ ಸಾಗುವ ಪಯಣದ ಬಗ್ಗೆ ಈ ತಿಂಗಳು ನಾಲ್ಕು ಮಾತು ಬರೆಯಬಯಸುತ್ತೇನೆ. ನಾನು ಇದನ್ನು ಕಲಿತದ್ದು ಒಂದು ತಪ್ಪಿನಿಂದ. ಆದ್ದರಿಂದ ಆ ತಪ್ಪನ್ನೇ ಮೊದಲು ಹೇಳುವುದು ಯೋಗ್ಯ.

ನಮ್ಮ ಮಗ, ಸೊಸೆ ಜರ್ಮನಿಯ ಮ್ಯೂನಿಕ್ ನಗರದಲ್ಲಿದ್ದಾರೆ. ಕೆಲವು ವರ್ಷಗಳ ಹಿಂದೆ ಮೇ ತಿಂಗಳಲ್ಲಿ ಬೇವೂರಿಗೆ ಬಂದಾಗ, ಆಲ್ಪ್ಸ್ ಪರ್ವತಗಳ ನಡುವೆ ತಾವು ಮಾಡಿದ ಸೈಕಲ್ ಪಯಣದ ಕಥೆ ಹೇಳಿದರು. ಇಟಲಿಯ ದೊಬ್ಬಿಯಾಕೊ ಎಂಬ ಊರಿನಿಂದ ಆಸ್ಟ್ರಿಯಾದ ಲಿಯೆಂಟ್ಸ್ ಪಟ್ಟಣದವರೆಗೆ ದ್ರಾವಾ ನದಿಯ ಗುಂಟ ಸುಮಾರು 45 ಕಿ.ಮೀ. ಸೈಕಲ್ ದಾರಿ ಇದೆಯಂತೆ. ಮೊದಲನೆಯ ಊರು ಎರಡನೆಯದಕ್ಕಿಂತ 500 ಮೀಟರಿಗೂ ಹೆಚ್ಚು ಎತ್ತರದಲ್ಲಿರುವುದರಿಂದ ದಾರಿಯ ಬಹುಭಾಗ ಸಣ್ಣ ಇಳಿಜಾರು. ಕೆಳಗೆ ತಲುಪಿದವರು ರೈಲಿನಲ್ಲಿ ಮರಳುತ್ತಾರೆ. ಸುತ್ತ ಹಿಮದ ಶಿಖರಗಳಿದ್ದರೂ ಹತ್ತು ವರುಷದ ಮಗು ದಣಿಯದೆ ಆ ದಾರಿಯನ್ನು ಮುಗಿಸಿತ್ತು.

ಇದನ್ನು ಕೇಳಿ ನನಗೆ ಹುರುಪು ಬಂದಿತು. "ಅಲ್ಲಿ ಪರ್ವತ, ಇಲ್ಲಿ ಬಯಲುಸೀಮೆ. ಕೂಡಲಸಂಗಮ ನಮಗೇನು ದೂರ?" ಎಂದೆ. "ಮಾವ, ದಾರಿಯಲ್ಲಿ ನೆರಳು ಎಲ್ಲೆಲ್ಲಿದೆ? ಮರಳಿ ಬರುವಾಗ ಎಷ್ಟು ಹೊತ್ತಾದೀತು?" ಎಂದು ಸೊಸೆ ಕೇಳಿದಳು. ನಾನು ನಕ್ಕು ಆ ಮಾತನ್ನು ತೇಲಿಸಿಬಿಟ್ಟೆ. ಬಸ್ಸಿನಲ್ಲಿ ನೂರಾರು ಸಲ ಹೋಗಿಬಂದವನಿಗೆ ದಾರಿ ಗೊತ್ತು ಎಂಬ ಅಹಂಭಾವ ನನ್ನದು. ಹೊರಡುವಾಗಲೇ ಎಂಟು ಗಂಟೆಯಾಗಿತ್ತು. ಹತ್ತರ ಸುಮಾರಿಗೆ ಮೊಮ್ಮಗಳು "ಅಜ್ಜಾ, ಇನ್ನ ಎಷ್ಟು ದೂರ ಐತಿ?" ಎಂದು ಕೇಳಿದಳು. "ಬಂತು, ಬಂತು" ಎಂದೆ. ಮೂರನೆಯ ಸಲ ಅವಳು ಕೇಳಲಿಲ್ಲ. ಸೈಕಲ್ ಬಿಟ್ಟು ರಸ್ತೆಯ ಬದಿಗೆ ಕುಳಿತು ವಾಂತಿ ಮಾಡಿಕೊಂಡಳು. ಕಣ್ಣು ಮೇಲಾಗಿದ್ದವು. ಬೇವಿನ ಮರದ ನೆರಳಿನಲ್ಲಿ ಮಲಗಿಸಿ, ಒದ್ದೆ ಬಟ್ಟೆ ಹಾಕಿ, ದಾರಿಹೋಕ ರೈತರೊಬ್ಬರ ಟ್ರ್ಯಾಕ್ಟರಿನಲ್ಲಿ ದವಾಖಾನೆಗೆ ಒಯ್ದೆವು. ಸಂಜೆಗೆ ಮಗು ಚೇತರಿಸಿಕೊಂಡಿತು. ಸೊಸೆ ನನಗೆ ಒಂದು ಮಾತನ್ನೂ ಅನ್ನಲಿಲ್ಲ. ಅಂದಿದ್ದರೆ ನನಗೆ ಹಗುರವಾಗುತ್ತಿತ್ತು.

ಮುಂದಿನ ಸಲ ಅವರು ಡಿಸೆಂಬರಿನಲ್ಲಿ ಬಂದರು. ಸೈಕಲ್ ಮಾತು ಎತ್ತಲು ನನಗೆ ಧೈರ್ಯವಿರಲಿಲ್ಲ. ಮೊಮ್ಮಗಳೇ ಎತ್ತಿದಳು. ಈ ಸಲ ಯೋಜನೆ ಸೊಸೆಯದು, ಪಾಲನೆ ನನ್ನದು ಎಂದು ಒಪ್ಪಿಕೊಂಡೆ. ಅವಳ ಪದ್ಧತಿಯನ್ನು ನಮ್ಮ ಸೀಮೆಗೆ ಹೊಂದಿಸಿಕೊಂಡಾಗ ನನಗೆ ತಿಳಿದದ್ದು ಇಷ್ಟು. ಆಲ್ಪ್ಸ್‌ನಲ್ಲಿ ಏರು ಕಣ್ಣಿಗೆ ಕಾಣುತ್ತದೆ, ಆದ್ದರಿಂದ ಜನ ಅದನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ನಮ್ಮ ಬಯಲಿನಲ್ಲಿ ಬಿಸಿಲು ಮತ್ತು ಗಾಳಿಯೇ ಏರು. ಅವು ನಕ್ಷೆಯಲ್ಲಿ ಕಾಣುವುದಿಲ್ಲ, ಆದ್ದರಿಂದ ನಾವು ಮರೆಯುತ್ತೇವೆ.

ಮೊದಲು ಕಾಲ. ಬೇಸಿಗೆಯಲ್ಲಿ ನಮ್ಮಲ್ಲಿ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಏರುತ್ತದೆ. ಮಳೆಗಾಲದಲ್ಲಿ ಪಡುವಣ ಗಾಳಿ ಎದೆಗೆ ಹೊಡೆಯುತ್ತದೆ, ಎರೆಯ ಹಾದಿಯ ಕೆಸರು ಚಕ್ರಕ್ಕೆ ಮೆತ್ತಿ ಸೈಕಲ್ ಮುಂದೆ ಸರಿಯದು. ನವೆಂಬರದಿಂದ ಜನವರಿಯವರೆಗಿನ ದಿನಗಳೇ ಉತ್ತಮ. ಆಗಲೂ ಬೆಳಗಿನ ಆರೂವರೆಗೆ ಹೊರಟು ಹತ್ತರೊಳಗೆ ನೆರಳು ಸೇರಬೇಕು. ಗಾಳಿ ಬೀಸುತ್ತಿದ್ದರೆ ಹೋಗುವಾಗ ಅದಕ್ಕೆ ಎದುರಾಗಿ ಹೋಗಿ, ದಣಿದು ಮರಳುವಾಗ ಅದು ಬೆನ್ನಿಗಿರುವಂತೆ ದಿಕ್ಕನ್ನು ಆರಿಸಿಕೊಳ್ಳಬೇಕು.

ಎರಡನೆಯದು ದೂರ. ಮಕ್ಕಳಿರುವ ತಂಡ ಗಂಟೆಗೆ ಹತ್ತು ಕಿ.ಮೀ. ಸಾಗಿದರೆ ಸಾಕು. ಪ್ರತಿ ಅರ್ಧ ಗಂಟೆಗೊಮ್ಮೆ ನಿಲ್ಲಬೇಕು. ವಿಜಯಪುರ, ಬಾಗಲಕೋಟೆ ಸೀಮೆಯು ರಾಷ್ಟ್ರಮಟ್ಟದ ಸೈಕಲ್ ಪಟುಗಳನ್ನು ಕೊಟ್ಟ ನೆಲವೆಂಬ ಹೆಮ್ಮೆ ನಮಗಿದೆ. ಆದರೆ ಕುಟುಂಬದ ಪಯಣ ಸ್ಪರ್ಧೆಯಲ್ಲ. ತಂಡದ ಕಿರಿಯರನ್ನು ಮುಂದೆ ಬಿಟ್ಟು ಬಲಿಷ್ಠರು ಹಿಂದೆ ಬರಬೇಕು. ಮುಂದಿನವರ ವೇಗವೇ ಎಲ್ಲರ ವೇಗವಾಗಬೇಕು.

ಮೂರನೆಯದು ದಾರಿ. ಹುನಗುಂದದಿಂದ ಇಲಕಲ್ಲಿಗೆ ಹೋಗುವ ದಾರಿ ನುಣುಪಾಗಿದ್ದರೂ ಅದು ರಾಷ್ಟ್ರೀಯ ಹೆದ್ದಾರಿ 50. ಲಾರಿಗಳ ನಡುವೆ ಮಕ್ಕಳನ್ನು ಬಿಡಲಾಗದು. ಇಲಕಲ್ಲಿನ ಮಗ್ಗಗಳನ್ನು ನೋಡಬೇಕೆಂದರೆ ಬಸ್ಸೇ ಲೇಸು. ಚಳಿಗಾಲದಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಓಡಾಡುವ ರಸ್ತೆಗಳನ್ನೂ ಬಿಡಬೇಕು. ರಾಶಿ ಮಾಡಲು ರಸ್ತೆಯ ಮೇಲೆ ಬೆಳೆ ಹರಡಿರುವ ಕಡೆ ಇಳಿದು ನಡೆಯಬೇಕು. ಜಾಲಿಮುಳ್ಳಿನಿಂದಾಗಿ ಪಂಕ್ಚರ್ ತಪ್ಪದು. ತೇಪೆ, ಅಂಟು, ಗಾಳಿಪಂಪು ಜೊತೆಗಿರಲಿ.

ಸೈಕಲ್ ಹೊಸದೇ ಆಗಬೇಕೆಂದಿಲ್ಲ. 2006ರಿಂದ ಹಲವು ವರ್ಷ ಸರಕಾರ ಎಂಟನೆಯ ತರಗತಿಯ ಮಕ್ಕಳಿಗೆ ಕೊಟ್ಟ ಸೈಕಲ್ಲುಗಳು ನಮ್ಮ ಹಳ್ಳಿಯ ಮನೆಗಳಲ್ಲಿ ಇನ್ನೂ ಇವೆ. ಬ್ರೇಕು, ಗಂಟೆ, ಸರಪಳಿ ಸರಿಯಿದ್ದು, ಸೀಟಿನ ಮೇಲೆ ಕುಳಿತಾಗ ಮಗುವಿನ ಕಾಲ್ಬೆರಳು ನೆಲಕ್ಕೆ ತಾಗಿದರೆ ಸಾಕು. ಪ್ರತಿಯೊಬ್ಬರಿಗೂ ಪ್ರತ್ಯೇಕ ನೀರಿನ ಬಾಟಲಿ, ತಲೆಗೆ ಟೊಪ್ಪಿಗೆ, ಉಪ್ಪು ಹಾಕಿದ ಮಜ್ಜಿಗೆ ಬೇಕು. ಮಗು ತಲೆನೋವು, ತಲೆಸುತ್ತು, ಹೊಟ್ಟೆ ತೊಳಸುವಿಕೆ ಎಂದರೆ ಅಲ್ಲಿಗೇ ಪಯಣ ನಿಲ್ಲಬೇಕು. ಮಾತು ತೊದಲಿದರೆ ತಡಮಾಡದೆ ದವಾಖಾನೆಗೆ ಒಯ್ಯಬೇಕು.

ಈ ಪ್ರಕಾರ ನಾವು ಮೊದಲ ನಾಲ್ಕು ಸಂಜೆ ಬೇವೂರಿನ ಸುತ್ತಲೇ ಐದು ಕಿ.ಮೀ.ಗಳಷ್ಟು ಓಡಾಡಿದೆವು. ಅನಂತರ ಸೈಕಲ್ಲುಗಳನ್ನು ಸಣ್ಣ ಸಾಮಾನು ಗಾಡಿಗೆ ಹಾಕಿ ಬಾದಾಮಿಗೆ ಹೋಗಿ ತಂಗಿದೆವು. ಒಂದು ದಿನ ಬನಶಂಕರಿಯವರೆಗಿನ ಐದು ಕಿ.ಮೀ. ಮಾತ್ರ. ಅಲ್ಲಿ ಬುಟ್ಟಿ ಹೊತ್ತು ಬರುವ ತಾಯಂದಿರಿಂದ ಜೋಳದ ರೊಟ್ಟಿ, ಪಲ್ಯ, ಗಟ್ಟಿ ಮೊಸರು ಕೊಂಡು ಹೊಂಡದ ಬದಿಗೆ ಕುಳಿತು ಉಂಡೆವು. ಜನವರಿಯಲ್ಲಿ ಜಾತ್ರೆಯ ದಿನಗಳಾದರೆ ಜನಸಂದಣಿ ಇರುತ್ತದೆ, ಸೈಕಲ್ ಬೇಡ.

ಮರುದಿನ 22 ಕಿ.ಮೀ. ದೂರದ ಪಟ್ಟದಕಲ್ಲು. ಮಲಪ್ರಭೆ ಅಲ್ಲಿ ಉತ್ತರಕ್ಕೆ ತಿರುಗಿ ಹರಿಯುತ್ತಾಳೆ. 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಆ ಗುಡಿಗಳ ಅಂಗಳವನ್ನು ಮೂರು ಗಂಟೆಯ ಪಯಣದ ಬಳಿಕ ಹೊಕ್ಕಾಗ, ಮೋಟಾರಿನಿಂದ ಇಳಿದಾಗ ಕಾಣದ ತಂಪು ಕಂಡಿತು. ಮರಳುವುದಕ್ಕೆ ಗಾಡಿಯನ್ನು ಮೊದಲೇ ಗೊತ್ತುಮಾಡಿದ್ದೆವು. ಆಲ್ಪ್ಸ್‌ನ ರೈಲಿನ ಕೆಲಸವನ್ನು ಇಲ್ಲಿ ಆ ಗಾಡಿ ಮಾಡಿತು. ಬಲವಿದ್ದವರು ಇನ್ನೊಂದು ದಿನ ಪಟ್ಟದಕಲ್ಲಿನಿಂದ ಐಹೊಳೆಗೆ ಹೋಗಬಹುದು, ಅದು ಹದಿನೈದು ಕಿ.ಮೀ. ಒಳಗೇ ಇದೆ.

ಕೊನೆಯ ದಿನ ಕೂಡಲಸಂಗಮ. ಹೆದ್ದಾರಿಯ ಭಾಗವನ್ನೆಲ್ಲ ಗಾಡಿಯಲ್ಲಿ ದಾಟಿ, ಕ್ಷೇತ್ರದ ಕಡೆಗೆ ತಿರುಗುವ ದಾರಿಯಲ್ಲಿ ಮಾತ್ರ ಸೈಕಲ್ ಇಳಿಸಿದೆವು. ಮೊಮ್ಮಗಳು ಮುಂದೆ, ನಾನು ಎಲ್ಲರಿಗಿಂತ ಹಿಂದೆ. ಮತ್ತೆ ಅದೇ ಪ್ರಶ್ನೆ ಬಂತು: "ಅಜ್ಜಾ, ಇನ್ನ ಎಷ್ಟು ದೂರ ಐತಿ?" ಈ ಸಲ ನಾನು "ಬಂತು" ಎನ್ನಲಿಲ್ಲ. ದಾರಿಯನ್ನು ಹಿಂದಿನ ವಾರವೇ ನೋಡಿಬಂದಿದ್ದೆ. "ಇನ್ನ ಎರಡು ಕಿಲೋಮೀಟರ್, ನಡುವ ಒಂದು ಗಿಡದ ನೆರಳು ಐತಿ, ಅಲ್ಲಿ ನಿಲ್ಲೂಣು" ಎಂದೆ. ನಿಂತೆವು, ನೀರು ಕುಡಿದೆವು, ಮುಂದೆ ಸಾಗಿದೆವು. ಕೃಷ್ಣೆ, ಮಲಪ್ರಭೆಯರು ಕೂಡುವ ತಾಣದಲ್ಲಿ, ನೀರಿನ ನಡುವೆ ಬಾವಿಯಂತೆ ಗೋಡೆ ಕಟ್ಟಿ ಕಾಪಾಡಿರುವ ಐಕ್ಯಮಂಟಪಕ್ಕೆ ಮೆಟ್ಟಿಲಿಳಿದು ಶರಣೆಂದೆವು.

ಬಂಧುಗಳೇ, ಮಕ್ಕಳಿಗೆ ಹಿರಿಯರ ಮಾತಿನಲ್ಲಿ ನಂಬಿಕೆ ಇರುತ್ತದೆ. "ಬಂತು, ಬಂತು" ಎಂಬ ಸುಳ್ಳಿನಿಂದ ಅದು ಸವೆಯುತ್ತದೆ. ಈ ರಜೆಯಲ್ಲಿ ಸೈಕಲ್ ಏರುವ ಮುನ್ನ ದಾರಿಯನ್ನು ಒಮ್ಮೆ ನೀವೇ ನೋಡಿಬನ್ನಿರಿ. ನೆರಳು ಎಲ್ಲಿದೆ, ನೀರು ಎಲ್ಲಿದೆ, ಮರಳುವ ಗಾಡಿ ಯಾವುದು ಎಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಿರಿ. ಮನೆಯ ಸೊಸೆ ಏನಾದರೂ ಕೇಳಿದರೆ ನಗಬೇಡಿರಿ, ಉತ್ತರ ಕೊಡಿರಿ.