ಗಬ್ಬದ ಕುರಿಗೆ ಬೇಸಿಗೆಯ ಮೇವು

ಮುಂಗಾರಿನ ಮೊದಲ ಮಳೆಯ ಹೊತ್ತಿಗೆ ಸೇಡಂ, ಚಿತ್ತಾಪುರ, ಚಿಂಚೋಳಿ ತಾಲೂಕುಗಳ ಹಟ್ಟಿಗಳಲ್ಲಿ ಅನೇಕ ಕುರಿಗಳು ಈಯುತ್ತವೆ. ಮೂರು ನಾಲ್ಕು ದಿನಗಳಲ್ಲೇ ಕೆಲವು ಮರಿಗಳು ನೆಲ ಹಿಡಿಯುತ್ತವೆ. ಆಗ ನಾವು ಮಳೆಯನ್ನು, ಥಂಡಿಯನ್ನು, ಕೆಲವೊಮ್ಮೆ ಕೆಟ್ಟ ದೃಷ್ಟಿಯನ್ನು ದೂರುತ್ತೇವೆ. ರೋಗದಿಂದ ಸಾಯುವ ಮರಿಗಳೂ ಉಂಟು, ಅಲ್ಲಗಳೆಯಲಾಗದು. ಆದರೆ ಎರಡು ಕಿಲೋ ಸಹ ತೂಗದೆ ಹುಟ್ಟಿ, ಎದ್ದು ಮೊಲೆ ಹಿಡಿಯಲಾರದ ಮರಿಯ ಸಾವಿಗೆ ಕಾರಣವನ್ನು ಯುಗಾದಿಯ ಸುಮಾರಿನ ಮೇವಿನಲ್ಲಿ ಹುಡುಕಬೇಕೆಂಬುದು ನನ್ನ ಅಭಿಪ್ರಾಯ.

ಲೆಕ್ಕ ಹಾಕಿ ನೋಡಿರಿ. ಪುಷ್ಯದ ಹೊತ್ತಿಗೆ ತೊಗರಿ ಕಟಾವಾಗುತ್ತದೆ. ಉದುರಿದ ಎಲೆ, ಕಾಯಿ ಮೇಯ್ದ ಕುರಿ ಮೈ ತುಂಬಿಕೊಂಡು, ಬೆದೆಗೆ ಬಂದು ಗಬ್ಬವಾಗುತ್ತದೆ. ಗಬ್ಬದ ಅವಧಿ ಐದು ತಿಂಗಳು. ಮೊದಲ ಮೂರು ತಿಂಗಳು ಮರಿ ಹೆಚ್ಚು ಬೆಳೆಯದು. ಹುಟ್ಟುವ ತೂಕದ ಮೂರರಲ್ಲಿ ಎರಡು ಪಾಲು ಬರುವುದು ಕಡೆಯ ಆರು ವಾರಗಳಲ್ಲಿ. ಅದೇ ನಮ್ಮ ಏಪ್ರಿಲ್-ಮೇ! ಹೊಲ ಬಿರಿದಿರುತ್ತದೆ, ಶಹಾಬಾದ್, ವಾಡಿ ಕಡೆಯಂತೂ ಎಷ್ಟೋ ಮೇಯುವ ನೆಲ ಕಲ್ಲುಗಣಿಯ ಪಾಲಾಗಿದೆ. ತಾಯಿ ತನ್ನ ಮೈ ಕರಗಿಸಿ ಮರಿಗೆ ಕೊಡುತ್ತದೆ. ಈದಾಗ ಕೆಚ್ಚಲಲ್ಲಿ ಗಿಣ್ಣದ ಹಾಲು ಸಾಕಷ್ಟು ಇರದು.

ಇಂಥದು ಕುರಿಗಳಲ್ಲಿ ಮಾತ್ರವಲ್ಲ. ಸಾಲ್ಮನ್ ಎಂಬ ಮೀನು ಕಡಲಲ್ಲಿ ಬೆಳೆದು, ಮೊಟ್ಟೆಯಿಡಲು ಹೊಳೆಗೆ ಮರಳುತ್ತದೆ. 2020ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮೀನುಮರಿ ಕೇಂದ್ರಗಳಲ್ಲಿ ಅದರ ಮರಿಗಳು ಗಿರಗಿರನೆ ಸುತ್ತಿ ಸಾಯತೊಡಗಿದವು. ತಾಯಿಮೀನುಗಳು ಕಡಲಲ್ಲಿ ಬಹುತೇಕ ಆಂಚೊವಿ ಎಂಬ ಒಂದೇ ಜಾತಿಯ ಸಣ್ಣ ಮೀನನ್ನು ತಿಂದಿದ್ದವು. ಬಿ1 ಜೀವಸತ್ವವನ್ನು ಕೆಡಿಸುವ ಕಿಣ್ವ ಅದರಲ್ಲಿದೆ. ತಾಯಿಯ ಹೊಟ್ಟೆ ತುಂಬಿತ್ತು, ಮೊಟ್ಟೆಯಲ್ಲಿ ಸತ್ವವಿರಲಿಲ್ಲ. ಬಿ1 ಬೆರೆಸಿದ ನೀರಿನಲ್ಲಿ ಬಿಟ್ಟಾಗ ಮರಿಗಳು ಚೇತರಿಸಿಕೊಂಡವು. ಕುರಿಗೆ ಬಿ1 ಕೊರತೆ ಅಪರೂಪ. ಅದರ ಹೊಟ್ಟೆಯ ಸೂಕ್ಷ್ಮಜೀವಿಗಳೇ ಅದನ್ನು ತಯಾರಿಸುತ್ತವೆ. ಬೇಸಿಗೆಯಲ್ಲಿ ಕುರಿಗೆ ಕಡಿಮೆ ಬೀಳುವುದು ಸಸಾರಜನಕ, ಮತ್ತು ಹಸಿರಿನಿಂದ ದೊರೆಯುವ ಎ ಜೀವಸತ್ವ.

ಇವಕ್ಕೆ ಬೇಕಾದದ್ದು ನಮ್ಮ ಕಣದಲ್ಲೇ ಇದೆ. ಆದರೆ ಜನವರಿಯಲ್ಲಿ ತೊಗರಿ ಹೊಟ್ಟನ್ನೆಲ್ಲ ವ್ಯಾಪಾರಿಗೆ ಮಾರಿ, ಜೂನಿನಲ್ಲಿ ಮರಿಯನ್ನು ಹೂಳುತ್ತೇವೆ. ಈ ವ್ಯವಹಾರ ನನಗೆ ಒಪ್ಪಿಗೆಯಿಲ್ಲ. ಹೊಟ್ಟನ್ನು ಬೇಸಿಗೆಯ ಮೇವಿಗೆಂದು ಇಟ್ಟುಕೊಳ್ಳಬೇಕು. ಅದರ ಜೊತೆಗೆ, ಈಯಲು ಆರು ವಾರವಿರುವಾಗಿನಿಂದ ಕುರಿಯೊಂದಕ್ಕೆ ದಿನಕ್ಕೆ 250 ಗ್ರಾಂ ದಾಣಿ ಸಾಕು: ತೊಗರಿ ಚುನಿ, ಒಡೆದ ಜೋಳ, ಸ್ವಲ್ಪ ಕುಸುಬೆ ಹಿಂಡಿ, ಚಿಟಿಕೆ ಉಪ್ಪು, ಖನಿಜ ಮಿಶ್ರಣ. 50 ಗ್ರಾಂನಿಂದ ಆರಂಭಿಸಿ ಏರಿಸಬೇಕು. ಜೋಳವನ್ನು ಒಮ್ಮೆಲೇ ಹಾಕಿದರೆ ಹೊಟ್ಟೆ ಹುಳಿತು ಕುರಿಯೇ ಹೋಗುತ್ತದೆ. ಜಾಲಿ ಕಾಯಿ ಉದುರುವುದೂ ಆ ಕಾಲದಲ್ಲೇ, ಆಯ್ದು ಹಾಕಲು ಕೂಲಿಯಾಳು ಬೇಡ, ಮನೆಯ ಹುಡುಗರು ಸಾಕು. ಬೇವಿನ ಹಸಿ ಸೊಪ್ಪು ಒಂದೆರಡು ಹಿಡಿ ಇರಲಿ.

ಆರು ವಾರಕ್ಕೆ ಕುರಿಯೊಂದಕ್ಕೆ ಹತ್ತೂವರೆ ಕಿಲೋ ದಾಣಿಯಾಯಿತು. 20 ಕುರಿಗೆ ಎರಡು ಕ್ವಿಂಟಾಲಿನ ಮೇಲೆ ಹತ್ತು ಕಿಲೋ. ಎರಡು ಮರಿ ಹೆಚ್ಚಿಗೆ ಉಳಿದರೆ ಆ ಖರ್ಚು ಹುಟ್ಟೀತೆಂದು ನನ್ನ ಅಂದಾಜು. ನೂರು ಕುರಿಯುಳ್ಳವರು ಎಲ್ಲಕ್ಕೂ ಎಲ್ಲಿಂದ ತರುವುದೆಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಅಂಥವರು ಬೆನ್ನು ಮುಟ್ಟಿ ನೋಡಲಿ: ಮೂಳೆ ಕೈಗೆ ಚುಚ್ಚುವ ಕುರಿಗಳನ್ನು, ಮೊದಲ ಸಲ ಈಯುವವನ್ನು ಬೇರೆ ಕಟ್ಟಿ, ಅವಕ್ಕಷ್ಟೇ ದಾಣಿ ಹಾಕಲಿ.